ಪ್ರಶ್ನೆ ಕೇಳದ ಪುಸ್ತಕ: ಗಡಿನಾಡಿನ ಮಕ್ಕಳಿಗೆ ಖುಷಿಯ ಓದು



ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಮಂಜೇಶ್ವರದ ಕಡೆಯ ಯು.ಪಿ. ಶಾಲೆಯೊಂದರಲ್ಲಿ ಏಳನೇ ತರಗತಿಯಲ್ಲಿದ್ದ ನನ್ನ ಅಕ್ಕನ ಮಗ ಬೇಸಿಗೆ ರಜೆಗೆಂದು ನಮ್ಮ ಮನೆಗೆ ಬಂದಿದ್ದ. ನಾನು ಕನ್ನಡ ಮಾಸ್ಟ್ರಾಗಿದ್ದವನು. ಹುಡುಗ ಮೊಬೈಲು ಬಿಟ್ಟು ನಾಲ್ಕು ಪುಸ್ತಕ ಓದಲಿ ಎಂಬ ಆಸೆ. ಆರು ಪುಸ್ತಕ ಆರಿಸಿ ಕೊಟ್ಟೆ, ಜೊತೆಗೆ ಒಂದು ನೋಟುಪುಸ್ತಕವನ್ನೂ ಕೊಟ್ಟೆ. ‘ಓದಿದ ಪ್ರತಿ ಪುಸ್ತಕಕ್ಕೆ ಒಂದು ಪುಟ ಸಾರಾಂಶ, ಹತ್ತು ಹೊಸ ಶಬ್ದ’ ಎಂದು ಕಟ್ಟಳೆ ಹಾಕಿದೆ. ಮೊದಲನೆಯದಕ್ಕೆ ಬರೆದ. ಎರಡನೆಯದಕ್ಕೆ ಮುನ್ನುಡಿಯನ್ನೇ ನಕಲು ಮಾಡಿದ. ಮೂರನೆಯದನ್ನು ತೆರೆಯಲೇ ಇಲ್ಲ.

ರಜೆ ಮುಗಿಯಲು ವಾರವಿದ್ದಾಗ, ನಾನು ಜಗಲಿಯಲ್ಲಿ ಬಿಟ್ಟಿದ್ದ ಹಳೆಯದೊಂದು ಬೇಟೆಯ ಕಥೆಯ ಪುಸ್ತಕವನ್ನು ಎತ್ತಿಕೊಂಡು ಕೇಳಿದ: “ಮಾವ, ಇದರಲ್ಲಿ ಪ್ರಶ್ನೆ ಉಂಟಾ?”

“ಇಲ್ಲ.”

“ಬರೆಯಲಿಕ್ಕೆ?”

“ಅದೂ ಇಲ್ಲ.”

“ಹಾಗಾದ್ರೆ ಓದ್ತೇನೆ.”

ಎರಡು ದಿನದಲ್ಲಿ ಓದಿ ಮುಗಿಸಿದ. ಅಷ್ಟು ವರ್ಷ ಪಾಠ ಹೇಳಿಯೂ ನನಗೆ ಹೊಳೆಯದ್ದು ಆ ಹುಡುಗನ ಎರಡು ಪ್ರಶ್ನೆಗಳಿಂದ ಹೊಳೆಯಿತು. ನಮ್ಮ ಮಕ್ಕಳ ಮಟ್ಟಿಗೆ ಪುಸ್ತಕವೆಂದರೆ ಕೊನೆಯಲ್ಲಿ ‘ಅಭ್ಯಾಸ’ ಇರುವ ವಸ್ತು. ಕಥೆ ಮುಗಿದ ಕೂಡಲೇ ಪರೀಕ್ಷೆ ಶುರು. ಹಾಗಿರುವಾಗ ಓದಿನಲ್ಲಿ ಖುಷಿ ಎಲ್ಲಿಂದ ಬರಬೇಕು? ಐದರಿಂದ ಎಂಟನೇ ತರಗತಿಯ ಮಕ್ಕಳು ತಾವಾಗಿ, ಖುಷಿಗಾಗಿ ಕನ್ನಡ ಪುಸ್ತಕ ಓದುವಂತಾಗಲು ಮನೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ನಾಲ್ಕು ವರ್ಷಗಳೇ ಯಾಕೆ?

ನಾಲ್ಕನೇ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ. ಐದರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ವಿಜ್ಞಾನ, ಸಮಾಜ ಎಲ್ಲದರ ಪಾಠವೂ ಉದ್ದವಾಗುತ್ತದೆ, ಚಿತ್ರ ಕಡಿಮೆಯಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ. ಒಂಬತ್ತನೇ ತರಗತಿಗೆ ಬಂದರೆ ಹತ್ತರ ಪರೀಕ್ಷೆಯ ನೆರಳು. ಓದಿನ ರುಚಿ ಹತ್ತಿಸಲು ನಡುವಿನ ಈ ನಾಲ್ಕು ವರ್ಷವೇ ಸಿಗುವ ಬಿಡುವು.

ಇದು ಎಲ್ಲ ಊರಿನ ಮಕ್ಕಳಿಗೂ ಅನ್ವಯಿಸುವ ಮಾತು. ನಮ್ಮ ಗಡಿ ಊರುಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಮ್ಮ ಅನೇಕ ಮಕ್ಕಳು ಏಳನೆಯದೋ ಹತ್ತನೆಯದೋ ಮುಗಿಸಿ ಬೇರೆ ಮಾಧ್ಯಮಕ್ಕೆ ಹೋಗುತ್ತಾರೆ. ಕೆಲವರು ಒಂದನೇ ತರಗತಿಯಿಂದಲೇ ಇಂಗ್ಲಿಷಿನಲ್ಲಿ, ಮಲೆಯಾಳದಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಓದುತ್ತಾರೆ. ಅಲ್ಲಿಂದ ಮುಂದೆ ಕನ್ನಡ ಬರಿಯ ಮನೆಮಾತು. ಅಷ್ಟರೊಳಗೆ ಒಂದಾದರೂ ಕನ್ನಡ ಪುಸ್ತಕವನ್ನು ತಾವಾಗಿ, ಆಸೆಯಿಂದ ಓದಿ ಮುಗಿಸದವರು ಆಮೇಲೆ ಓದುವುದು ಅಪರೂಪ. ಅಮ್ಮನಿಗೆ ವಾಟ್ಸ್ಯಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ, ಮನೆಗೆ ಬಂದ ಮದುವೆ ಕಾಗದವನ್ನು ಅಪ್ಪನಿಂದ ಓದಿಸಿಕೊಳ್ಳುವ ಯುವಕ ಯುವತಿಯರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಅವರಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲವೆಂದಲ್ಲ. ಓದುವ ಅಭ್ಯಾಸ ಕೂಡಿಬರಬೇಕಾದ ವಯಸ್ಸಿನಲ್ಲಿ ಅವರ ಕೈಗೆ ಸರಿಯಾದ ಪುಸ್ತಕ ಸಿಗಲಿಲ್ಲ, ಅಷ್ಟೆ.

ಮಗು ಎಡವುವುದು ಎಲ್ಲಿ?

‘ಈಗಿನ ಮಕ್ಕಳಿಗೆ ಓದುವ ಮನಸ್ಸಿಲ್ಲ’ ಎಂದು ದೂರುವ ಮೊದಲು ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ ನೋಡಿ. ಬಹಳಷ್ಟು ಸಲ ಮನಸ್ಸಿದ್ದರೂ ಕಣ್ಣು ಎಡವುತ್ತಿರುತ್ತದೆ. ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮುಖ್ಯ ಅಂಶವಿದೆ. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ್ದು ಒಂದೆರಡು ವರ್ಷದಲ್ಲಿ ಮುಗಿಯುವ ಕಲಿಕೆಯಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಾಗುವುದರಿಂದ ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಕೆ ಮುಂದುವರಿದೇ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳ ಸ್ಥಿತಿಯೇ ಹೀಗಿದ್ದರೆ, ವಾರಕ್ಕೆ ನಾಲ್ಕೈದು ಪೀರಿಯಡ್ ಮಾತ್ರ ಕನ್ನಡ ಸಿಗುವ ಮಕ್ಕಳ ಪಾಡು ಹೇಗಿರಬೇಡ!

ಗಡಿಯ ಮಗುವಿನ ತಲೆಯಲ್ಲಿ ಮೂರು ನಾಲ್ಕು ಲಿಪಿಗಳು ಒಟ್ಟಿಗೆ ಕೂತಿರುತ್ತವೆ. ಯಾವ ಲಿಪಿಯ ಜೊತೆ ಕನ್ನಡ ಕೂತಿದೆ ಎಂಬುದರ ಮೇಲೆ ತೊಡಕೂ ಬೇರೆ ಬೇರೆ.

ಹೊಸೂರು, ತಾಳವಾಡಿ, ನೀಲಗಿರಿಯ ಮಕ್ಕಳು ತಮಿಳು ಓದುತ್ತಾರೆ. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಅಕ್ಷರದ ಮೇಲೆ ಚುಕ್ಕಿ ಇಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲೇ ಬರೆಯುತ್ತಾರೆ. ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಹಾಗಾಗಿ ಈ ಮಕ್ಕಳಿಗೆ ಕನ್ನಡದ ಒತ್ತು ಮತ್ತು ಮಹಾಪ್ರಾಣ ಎರಡೂ ಹೆಚ್ಚಿನ ಭಾರ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳು ಮರಾಠಿ, ಹಿಂದಿ ಓದುತ್ತಾರೆ. ದೇವನಾಗರಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದ ಬರವಣಿಗೆಯಲ್ಲಿಲ್ಲ. ‘ಕೊಡು’ ಮತ್ತು ‘ಕೋಡು’ ಅವರ ಕಣ್ಣಿಗೆ ಥಟ್ಟನೆ ಬೇರೆಯಾಗುವುದಿಲ್ಲ.

ಕಾಸರಗೋಡಿನ ಮಕ್ಕಳಿಗೆ ಮಲೆಯಾಳವಿದೆ. ಅಲ್ಲಿ ಎತ್ವದ ಚಿಹ್ನೆ ಅಕ್ಷರದ ಎಡಕ್ಕೆ, ಅಂದರೆ ಮೊದಲೇ ಬರುತ್ತದೆ. ಕನ್ನಡದಲ್ಲಿ ಅಕ್ಷರದ ತಲೆಯ ಮೇಲೆ ಕೂರುತ್ತದೆ.

ಅದೋನಿ, ರಾಯದುರ್ಗ, ಮಡಕಶಿರಾದ ಮಕ್ಕಳದು ಇದ್ದುದರಲ್ಲಿ ಸುಲಭದ ದಾರಿ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ತಲೆಕಟ್ಟು, ದೀರ್ಘದ ಚಿಹ್ನೆ ಮತ್ತು ರೂಪ ಬೇರೆಯಾಗಿರುವ ಅಕ್ಷರಗಳನ್ನು ಒಂದೇ ಹಾಳೆಯಲ್ಲಿ ಎದುರುಬದುರಾಗಿ ಬರೆದು ಕೊಟ್ಟರೆ, ತೆಲುಗು ಚೆನ್ನಾಗಿ ಓದುವ ಆರನೇ ತರಗತಿಯ ಹುಡುಗಿ ಸ್ವಲ್ಪ ದಿನಗಳಲ್ಲೇ ಕನ್ನಡ ಓದತೊಡಗುತ್ತಾಳೆ. ತೆಲುಗು ಮಾಧ್ಯಮದ ಮಕ್ಕಳಿರುವ ಮನೆಯವರು ಇದನ್ನು ಅವಶ್ಯ ಮಾಡಿ ನೋಡಬೇಕು.

ಎಲ್ಲರಿಗೂ ಸಮಾನವಾದ ಮುಳ್ಳೊಂದಿದೆ: ಅರ್ಕಾವೊತ್ತು. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತು ಯಕಾರದ ನಂತರ ಬರುವ ರೂಢಿಯಿದೆ. ಮಲೆಯಾಳ, ತಮಿಳುಗಳಲ್ಲಿ ಹಾಗಿಲ್ಲ, ಇಂದಿನ ತೆಲುಗಿನ ಸಾಮಾನ್ಯ ಬರವಣಿಗೆಯಲ್ಲೂ ಇಲ್ಲ. ದೇವನಾಗರಿಯಲ್ಲಿ ಅದು ಅಕ್ಷರದ ಮೇಲೆ ಹೋಗುತ್ತದೆ. ಮಗು ಅಲ್ಲಿ ತಡವರಿಸಿದರೆ ಗದರಬೇಡಿ. ಶಬ್ದವನ್ನು ನೀವೇ ಹೇಳಿ ಮುಂದೆ ಹೋಗಲು ಬಿಡಿ.

ಸಾಲಿಗೆರಡು ಕಡೆ ಎಡವುವ ಓದಿನಲ್ಲಿ ಯಾರಿಗೂ ಕಥೆ ಸಿಗುವುದಿಲ್ಲ. ಎಡವುವುದು ಕಡಿಮೆಯಾಗಬೇಕಾದರೆ ತುಂಬ ಓದಬೇಕು, ತುಂಬ ಓದಬೇಕಾದರೆ ಸುಲಭದ್ದನ್ನೇ ಓದಬೇಕು. ಆದ್ದರಿಂದ ಖುಷಿಯ ಓದಿಗೆ ಕೊಡುವ ಪುಸ್ತಕ ಮಗುವಿನ ಪಠ್ಯಪುಸ್ತಕಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ. ಏಳನೇ ತರಗತಿಯವನು ನಾಲ್ಕನೇ ತರಗತಿಯ ಮಟ್ಟದ ಪುಸ್ತಕ ಓದಿದರೆ ಅವಮಾನವೇನೂ ಇಲ್ಲ. ಪರೀಕ್ಷಿಸಲು ಐದು ಬೆರಳಿನ ಲೆಕ್ಕ ಸಾಕು: ಪುಸ್ತಕದ ನಡುವಿನ ಒಂದು ಪುಟ ಓದುವಾಗ ಗೊತ್ತಾಗದ ಪ್ರತಿ ಶಬ್ದಕ್ಕೆ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಮುಂದಿನ ವರ್ಷಕ್ಕಿರಲಿ.

ಪುಸ್ತಕದ ಕನ್ನಡ, ಮನೆಯ ಕನ್ನಡ

ಇನ್ನೊಂದು ತಡೆ ಭಾಷೆಯದೇ. ಕಾಸರಗೋಡಿನ ಮಗುವಿನ ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಆಗಿರಬಹುದು. ಜತ್ತದ ಮಗುವಿನ ಕನ್ನಡ ವಿಜಯಪುರದ ಕಡೆಯ ಕನ್ನಡ. ಪುಸ್ತಕದ ‘ಹೋಗುತ್ತಿದ್ದಾನೆ’ ಎಂಬ ಕನ್ನಡವನ್ನು ಇವರಾರೂ ಮನೆಯಲ್ಲಿ ಆಡುವುದಿಲ್ಲ. ಈ ಕನ್ನಡ ಕಿವಿಗೆ ಮೊದಲು ಪರಿಚಯವಾದರೆ ಕಣ್ಣಿಗೆ ಸುಲಭವಾಗುತ್ತದೆ. ಅದಕ್ಕೆ ಗಟ್ಟಿಯಾಗಿ ಓದಿ ಹೇಳುವುದೇ ಮದ್ದು. ಐದನೇ ತರಗತಿಗೆ ಬಂದ ಮೇಲೆ ಮಗುವಿಗೆ ಓದಿ ಹೇಳುವುದನ್ನು ನಾವು ನಿಲ್ಲಿಸಿಬಿಡುತ್ತೇವೆ. ನಿಲ್ಲಿಸಬಾರದು.

ನಮ್ಮಲ್ಲಿ ಕೇಳುವ ಸಂಪತ್ತು ಬೇಕಾದಷ್ಟಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ರಾತ್ರಿ ಯಕ್ಷಗಾನವನ್ನೋ ತಾಳಮದ್ದಳೆಯನ್ನೋ ಕೇಳಿದ ಹುಡುಗನಿಗೆ ವಾಲಿ-ಸುಗ್ರೀವರ ಕಥೆ ಗೊತ್ತು. ಮರುದಿನ ಅದೇ ಕಥೆಯ ಸರಳ ಗದ್ಯದ ಪುಸ್ತಕ ಕೈಗೆ ಸಿಕ್ಕರೆ ಅರ್ಧ ದಾರಿಯನ್ನು ಅವನು ಆಗಲೇ ನಡೆದಾಗಿದೆ. ಗೊತ್ತಿರುವ ಕಥೆಯಲ್ಲಿ ಗೊತ್ತಿಲ್ಲದ ಶಬ್ದಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ. ದೊಡ್ಡಾಟ, ಹರಿಕಥೆ, ಪುರಾಣ ಪ್ರವಚನ ಇರುವ ಊರುಗಳಲ್ಲೂ ಇದೇ ದಾರಿ.

ಭಾಷೆ ಉಳಿಸುವ ಹೊರೆ ಮಗುವಿನ ಚೀಲದಲ್ಲಿ ಬೇಡ

ಇದನ್ನು ಸ್ವಲ್ಪ ಹಿಂಜರಿಕೆಯಿಂದಲೇ ಬರೆಯುತ್ತೇನೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬಿದ್ದಾಗಿನಿಂದ ನಮ್ಮ ಹಿರಿಯರು ಪಟ್ಟ ಪಾಡು, ಶಾಲೆಗಳಿಗಾಗಿ ನಡೆಸಿದ ಹೋರಾಟ ನಮಗೆಲ್ಲ ಗೊತ್ತು. ಆ ನೋವು ನಿಜ. ಆದರೆ ಹನ್ನೆರಡು ವರ್ಷದ ಮಗುವಿಗೆ ‘ನೀನು ಓದದಿದ್ದರೆ ಕನ್ನಡ ಅಳಿದುಹೋಗುತ್ತದೆ’ ಎಂದು ಹೇಳಿದರೆ ಅದು ಕನ್ನಡ ಪುಸ್ತಕವನ್ನು ಕರ್ತವ್ಯದ ಪಟ್ಟಿಗೆ ಸೇರಿಸಿ, ಆಟದ ಪಟ್ಟಿಗೆ ಬೇರೆ ಭಾಷೆಯನ್ನು ಸೇರಿಸಿಕೊಳ್ಳುತ್ತದೆ. ಭಾಷೆಯ ಚಿಂತೆ ದೊಡ್ಡವರಾದ ನಮ್ಮದು. ಮಗುವಿಗೆ ಹುಲಿಯ ಕಥೆ ಸಾಕು.

ಬೇರೆ ಭಾಷೆಯಲ್ಲಿ ಓದುವುದನ್ನೂ ತಡೆಯಬೇಡಿ. ಮಲೆಯಾಳದ ಬಾಲಪತ್ರಿಕೆಯನ್ನೋ ಮರಾಠಿಯ ಕಥೆಯನ್ನೋ ಆಸೆಯಿಂದ ಓದುವ ಮಗು ಓದುಗನೇ. ಕಥೆಯ ಮುಂದಿನ ತಿರುವನ್ನು ಊಹಿಸುವುದು, ತಿಳಿಯದ ಶಬ್ದವನ್ನು ದಾಟಿ ಹೋಗುವುದು, ಗಂಟೆಗಟ್ಟಲೆ ಒಂದೇ ಕಡೆ ಕೂರುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದರಲ್ಲೂ ಬರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಬಲ್ಲವರಾಗಿದ್ದರು. ಅದರಿಂದ ಅವರ ಕನ್ನಡವೇನೂ ಸೊರಗಲಿಲ್ಲ. 1949ರಲ್ಲಿ ಅಂದಿನ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು.

ಮನೆಯಲ್ಲಿ ಮಾಡಬಹುದಾದದ್ದು

ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಹೊತ್ತು. ರಾತ್ರಿ ಊಟದ ನಂತರವಾದರೆ ಒಳ್ಳೆಯದು. ಆ ಹೊತ್ತಿನಲ್ಲಿ ಟಿ.ವಿ. ಬಂದ್, ಮನೆಯವರೆಲ್ಲರ ಮೊಬೈಲೂ ಒಂದೇ ಮೇಜಿನ ಮೇಲೆ. ಅಪ್ಪ ಮೊಬೈಲು ತಿಕ್ಕುತ್ತ ‘ಓದು’ ಎಂದರೆ ಯಾವ ಮಗುವೂ ಓದುವುದಿಲ್ಲ. ದೊಡ್ಡವರು ದಿನಪತ್ರಿಕೆಯನ್ನೇ ಓದಲಿ, ಅಡ್ಡಿಯಿಲ್ಲ. ಓದುವ ಮನುಷ್ಯರು ಕಣ್ಣೆದುರಿಗಿರಬೇಕು.

ಮೊದಲ ಅಧ್ಯಾಯ ನೀವು ಓದಿ ಹೇಳಿ. ಹುಲಿ ಪೊದೆಯಿಂದ ಹೊರಗೆ ಬರುವ ಜಾಗದಲ್ಲಿ ನಿಲ್ಲಿಸಿ, ‘ಉಳಿದದ್ದು ನಾಳೆ’ ಎಂದು ಪುಸ್ತಕವನ್ನು ಮಗುವಿನ ಹತ್ತಿರವೇ ಬಿಟ್ಟು ಹೋಗಿ. ಮುಂದಿನದನ್ನು ಆ ಪುಸ್ತಕವೇ ನೋಡಿಕೊಳ್ಳುತ್ತದೆ.

ಆರಿಸುವ ಹಕ್ಕು ಮಗುವಿನದು. ಬೇಸರ ಬಂದರೆ ಅರ್ಧಕ್ಕೇ ಬಿಡುವ ಹಕ್ಕೂ ಅದರದ್ದೇ. ನಾವೆಲ್ಲ ಹಾಗೆ ಎಷ್ಟು ಪುಸ್ತಕ ಬಿಟ್ಟಿಲ್ಲ! ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಅದನ್ನೂ ತಡೆಯಬೇಡಿ. ಎರಡನೇ ಸಲದ ಓದಿನಲ್ಲಿ ಕಣ್ಣು ಎಡವುವುದಿಲ್ಲ, ಅದಕ್ಕೇ ಮಕ್ಕಳಿಗೆ ಅದು ಇಷ್ಟ.

ಚಿತ್ರಕಥೆಯನ್ನು ಕೀಳಾಗಿ ನೋಡಬೇಡಿ. ತಡವರಿಸುವ ಓದುಗನಿಗೆ ಚಿತ್ರ ಒಂದು ಊರುಗೋಲು. ನಮ್ಮಲ್ಲಿ ಎಷ್ಟೋ ಜನ ಓದಲು ಕಲಿತದ್ದೇ ‘ಚಂದಮಾಮ’ ಮತ್ತು ‘ಬಾಲಮಂಗಳ’ದಿಂದ. ಚಂದಮಾಮ 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೆ ಬಂದದ್ದು. ಡಿಂಗನ ಬಾಲಮಂಗಳವನ್ನು ಹೊರತಂದದ್ದು ಕೇರಳದ ಕೋಟ್ಟಯಂನ ಪ್ರಕಾಶನ ಸಂಸ್ಥೆ. ಕನ್ನಡ ಮಕ್ಕಳನ್ನು ಇಷ್ಟೊಂದು ಓದಿಸಿದ ಎರಡು ಪತ್ರಿಕೆಗಳ ಬೇರು ಕರ್ನಾಟಕದ ಹೊರಗಿತ್ತು ಎಂಬುದು ಗಡಿನಾಡಿನವರಾದ ನಮಗೆ ಧೈರ್ಯ ಕೊಡುವ ಮಾತು. ಅವು ಈಗ ಬರುತ್ತಿಲ್ಲ. ಆದರೆ ಹಳೆಯ ಸಂಚಿಕೆಗಳು ಅನೇಕರ ಅಟ್ಟದ ಮೇಲಿವೆ. ಧೂಳು ಕೊಡವಿ ಕೆಳಗಿಳಿಸಿ.

ಮತ್ತು ಎಲ್ಲಕ್ಕಿಂತ ಮುಖ್ಯ: ಓದಿದ ಮೇಲೆ ‘ನೀತಿ ಏನು?’ ಎಂದು ಕೇಳಬೇಡಿ. ಮಾತಾಡಬೇಕೆನಿಸಿದರೆ ನಿಮಗೆ ಇಷ್ಟವಾದದ್ದನ್ನು ನೀವೇ ಹೇಳಿ. ಮಗು ತಾನಾಗಿ ಸೇರಿಕೊಳ್ಳುತ್ತದೆ.

ಯಾವ ಪುಸ್ತಕ?

ಪಟ್ಟಿ ದೊಡ್ಡದಾಗಬಹುದು. ನನಗೆ ಗೊತ್ತಿರುವ ಕೆಲವನ್ನಷ್ಟೇ ಹೇಳುತ್ತೇನೆ.

ಕಾಡು, ಪ್ರಾಣಿ, ಸಾಹಸ ಇಷ್ಟಪಡುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಅವರು ಕನ್ನಡಕ್ಕೆ ತಂದಿರುವ ‘ಕಾಡಿನ ಕಥೆಗಳು’ ಮಾಲೆಯನ್ನು ಕೈಗೆ ಸಿಕ್ಕಿದ ಭಾಗದಿಂದಲೇ ಶುರು ಮಾಡಬಹುದು. ಹೊಸೂರು ಕಡೆಯ ಬಂಧುಗಳು ಒಂದು ವಿಷಯ ಗಮನಿಸಬೇಕು. ಆಂಡರ್ಸನ್ 1954ರ ತನ್ನ ಇಂಗ್ಲಿಷ್ ಪುಸ್ತಕದಲ್ಲಿ ಬರೆದ ಜವಳಗಿರಿಯ ನರಭಕ್ಷಕ ಹುಲಿ, ಗುಮ್ಮಳಾಪುರದ ಚಿರತೆ ನಿಮ್ಮ ಪಕ್ಕದ ಊರಿನವೇ. ‘ಇದು ನಮ್ಮ ಕಾಡು’ ಎಂದು ಗೊತ್ತಾದ ಕೂಡಲೇ ಮಕ್ಕಳ ಕಣ್ಣು ಅರಳುತ್ತದೆ. ಎಂಟನೇ ತರಗತಿಯ ಚುರುಕು ಓದುಗರಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡಬಹುದು.

ಶಾಲೆಯೆಂದರೆ ಮುಖ ಸಿಂಡರಿಸುವ ಮಕ್ಕಳಿಗೆ, ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದ ಜಪಾನಿನ ಶಾಲೆಯೊಂದರ ಕಥೆ ‘ತೊತ್ತೊ-ಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲಿ ಪ್ರಕಟಿಸಿದೆ. ಮಕ್ಕಳಿಗಾಗಿ ಅದೇ ಸಂಸ್ಥೆ ತಂದಿರುವ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಅಗ್ಗ, ತೆಳು, ಚಿತ್ರ ತುಂಬಿದವು. ಒಬ್ಬ ಹುಡುಗ ಒಂದೇ ಸಂಜೆಗೆ ‘ಒಂದು ಪುಸ್ತಕ ಮುಗಿಸಿದೆ’ ಎಂದು ಹೇಳಿಕೊಳ್ಳಬಹುದು. ಆ ಹೆಮ್ಮೆ ಮುಂದಿನ ಪುಸ್ತಕಕ್ಕೆ ಬಂಡವಾಳ.

ಸಾಧಕರ ಜೀವನ ಇಷ್ಟಪಡುವವರಿಗೆ ಭಾರತ-ಭಾರತಿ ಪುಸ್ತಕ ಸಂಪದದ ಪುಟ್ಟ ಪುಸ್ತಕಗಳಿವೆ. ಐನೂರಕ್ಕೂ ಹೆಚ್ಚು ಹೊತ್ತಗೆಗಳಿರುವ ಈ ಮಾಲೆಯ ಸಂಪಾದಕರಾಗಿದ್ದವರು ಎಲ್.ಎಸ್. ಶೇಷಗಿರಿರಾವ್. ಗಟ್ಟಿಯಾಗಿ ಓದಿ ಹೇಳಲು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಸಾಟಿಯಿಲ್ಲ. ಐದನೇ ತರಗತಿಯವರೂ ಕುಣಿಯುತ್ತಾರೆ, ಓದುವ ಅಜ್ಜನೂ ಕುಣಿಯುತ್ತಾನೆ.

ಪುಸ್ತಕದಂಗಡಿ ಇಲ್ಲದ ಊರಿನವರಿಗೆ: ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಕನ್ನಡ ಈಗಷ್ಟೇ ಕಲಿತ ಹನ್ನೆರಡರ ಮಗು ಎರಡನೇ ಹಂತದಿಂದ ತೊಡಗಲಿ, ಪಳಗಿದವರು ನಾಲ್ಕನೆಯದಕ್ಕೆ ಹೋಗಲಿ. ಅವನ್ನು ಮುದ್ರಿಸಿ ಹಂಚಲೂ ಅನುಮತಿ ಇದೆ. ಹತ್ತು ಕಥೆ ಮುದ್ರಿಸಿ ಹೊಲಿದರೆ ಒಂದು ತರಗತಿಗೆ ಸಾಕಾಗುವಷ್ಟಾಯಿತು.

ಶಾಲೆಯಲ್ಲಿ: ಭಾಷಣ ಕಡಿಮೆ, ಪುಸ್ತಕ ಹೆಚ್ಚು

ಕೇರಳದಲ್ಲಿ ಜೂನ್ 19 ವಾಚನಾ ದಿನ. 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನವದು. ಮಹಾರಾಷ್ಟ್ರದಲ್ಲಿ ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15ನ್ನು 2015ರಿಂದ ವಾಚನ ಪ್ರೇರಣಾ ದಿನವಾಗಿ ಆಚರಿಸುತ್ತಾರೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ದೇಶದೆಲ್ಲೆಡೆ ಇದೆ. ನಮ್ಮ ಕನ್ನಡ ಶಾಲೆಗಳಲ್ಲೂ ಇವು ನಡೆಯುತ್ತವೆ.

ನಾನೂ ಅಂಥ ಅನೇಕ ಸಭೆಗಳಲ್ಲಿ ಕೂತಿದ್ದೇನೆ, ಭಾಷಣವನ್ನೂ ಬಿಗಿದಿದ್ದೇನೆ. ಓದಿನ ಮಹತ್ವದ ಬಗ್ಗೆ ಒಂದೂವರೆ ಗಂಟೆ ಕೇಳಿದ ಮಕ್ಕಳು ಆ ದಿನ ಒಂದು ಪುಟವನ್ನೂ ಓದದೆ ಮನೆಗೆ ಹೋಗುತ್ತಾರೆ. ಅದೇ ಒಂದೂವರೆ ಗಂಟೆ ಪುಸ್ತಕಗಳನ್ನು ಅಂಗಳದಲ್ಲಿ ಚಾಪೆ ಹಾಸಿ ಹರಡಿ, ಮಕ್ಕಳನ್ನು ಅವುಗಳ ನಡುವೆ ಬಿಟ್ಟರೆ ಹೇಗೆ? ಬೀರುವಿನ ಬೀಗದ ಕೈ ಹೆಡ್ಮಾಸ್ಟ್ರ ಕಿಸೆಯಲ್ಲಿದ್ದರೆ ಪುಸ್ತಕ ಸುರಕ್ಷಿತ, ನಿಜ. ಆದರೆ ಹರಿಯದ ಪುಸ್ತಕವೆಂದರೆ ಯಾರೂ ಓದದ ಪುಸ್ತಕ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟದ್ದು ಇದನ್ನೇ: ಪುಸ್ತಕ ಇರುವುದು ಬಳಕೆಗಾಗಿ.

‘ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ’ ಎಂಬ ಸ್ಪರ್ಧೆಯ ಬಗ್ಗೆಯೂ ಎಚ್ಚರ ಬೇಕು. ಅದರಿಂದ ಪುಟ ತಿರುಗಿಸುವುದು ಹೆಚ್ಚುತ್ತದೆ, ಓದುವುದು ಹೆಚ್ಚುವುದಿಲ್ಲ. ನಿಧಾನವಾಗಿ ಓದುವ ಮಗು ಮೊದಲ ವಾರದಲ್ಲೇ ‘ನನ್ನಿಂದಾಗದು’ ಎಂದು ಕೂತುಬಿಡುತ್ತದೆ. ಕೊಡುವುದಾದರೆ ಓದಿದ ಎಲ್ಲರಿಗೂ ಒಂದೊಂದು ಪುಸ್ತಕ ಕೊಡಿ.

ನಮ್ಮ ಸಂಘ ಮಾಡಬಹುದಾದದ್ದು: ಒಂದು ಪೆಟ್ಟಿಗೆ

ಪಠ್ಯಪುಸ್ತಕ ಹೇಗೋ ನಮ್ಮ ಊರುಗಳಿಗೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಬಾಲಭಾರತಿಯೇ ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಬಾರದಿರುವುದು ಕಥೆ ಪುಸ್ತಕ. ಅದಕ್ಕೆ ದೊಡ್ಡ ಕಟ್ಟಡ, ದೊಡ್ಡ ನಿಧಿ ಬೇಕಿಲ್ಲ. ನನ್ನ ಸಲಹೆ ಹೀಗಿದೆ.

ಒಂದೊಂದು ಊರಿನ ಶಾಖೆ ಒಂದೊಂದು ಪೆಟ್ಟಿಗೆ ಮಾಡಲಿ. ಅದರಲ್ಲಿ ನಲವತ್ತು ಪುಸ್ತಕ: ಅರ್ಧದಷ್ಟು ತೀರ ಸುಲಭದವು, ಕಾಲು ಭಾಗ ಚಿತ್ರಕಥೆ, ಉಳಿದವು ಸ್ವಲ್ಪ ದೊಡ್ಡವು. ದೊಡ್ಡವರು ಮನೆಯಲ್ಲಿ ಬೇಡವಾಗಿ ಕೊಡುವ ಸ್ಮರಣ ಸಂಚಿಕೆ, ಸನ್ಮಾನ ಗ್ರಂಥಗಳು ಬೇಡವೇ ಬೇಡ. ಪೆಟ್ಟಿಗೆ ಯಾರಾದರೊಬ್ಬರ ಜಗಲಿಯಲ್ಲಿ, ಭಜನಾ ಮಂದಿರದಲ್ಲಿ, ಕಿರಾಣಿ ಅಂಗಡಿಯಲ್ಲಿ ಇರಲಿ. ಬಾಗಿಲು ತೆರೆದಿರುವ ಜಾಗವಾದರೆ ಸಾಕು. ಭಾನುವಾರ ಒಂದು ಗಂಟೆ ಒಬ್ಬರು ಅಲ್ಲಿ ಕೂತಿರಲಿ.

ಲೆಕ್ಕಕ್ಕೆ ಒಂದು ಪುಸ್ತಕ: ಹೆಸರು, ಒಯ್ದ ದಿನ, ತಂದ ದಿನ. ಅಷ್ಟೆ. ಹರಿದರೆ ದಂಡವಿಲ್ಲ, ಅಂಟಿಸಲು ಟೇಪು ಪೆಟ್ಟಿಗೆಯಲ್ಲೇ ಇರಲಿ. ಪ್ರತಿ ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಚೀಟಿ ಅಂಟಿಸಿ. ಓದಿದ ಮಗು ಮನಸ್ಸಿದ್ದರೆ ಮುಂದೆ ಓದುವವರಿಗೆ ಒಂದು ಸಾಲು ಬರೆಯಲಿ. ಶಿಕ್ಷಕರ ಶಿಫಾರಸಿಗಿಂತ ಗೆಳೆಯನ ‘ಸೂಪರ್ ಉಂಟು, ಓದು’ ಎಂಬ ಮಾತು ಬಲವಾದದ್ದು.

ಆರು ತಿಂಗಳಿಗೊಮ್ಮೆ ಪೆಟ್ಟಿಗೆಗಳು ಊರು ಬದಲಿಸಲಿ. ಕಾಸರಗೋಡಿನದು ಹೊಸೂರಿಗೆ, ಹೊಸೂರಿನದು ಮಡಕಶಿರಾಕ್ಕೆ, ಅಲ್ಲಿನದು ಅಕ್ಕಲಕೋಟೆಗೆ. ಸಭೆಗೆ ಬರುವವರ ಕೈಯಲ್ಲೇ ಕಳಿಸಿದರಾಯಿತು. ಹೊಸ ಪುಸ್ತಕ ಕೊಳ್ಳದೆಯೇ ನಮ್ಮ ಮಕ್ಕಳಿಗೆ ಹೊಸ ಪುಸ್ತಕ ಸಿಗುತ್ತದೆ. ಜೊತೆಗೆ ಕುಂಬಳೆಯ ಹುಡುಗಿಯ ಚೀಟಿಯನ್ನು ತಾಳವಾಡಿಯ ಹುಡುಗ ಓದುತ್ತಾನೆ. ತನ್ನ ಹಾಗೆಯೇ ಮೂರು ನಾಲ್ಕು ಲಿಪಿಗಳ ನಡುವೆ ಕನ್ನಡ ಓದುವ ಇನ್ನೊಂದು ಮಗು ಇನ್ನೆಲ್ಲೋ ಇದೆ ಎಂದು ಅವನಿಗೆ ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಕನ್ನಡ ಓದುವ ಮಗುವಿಗೆ ಒಂಟಿತನವೂ ಒಂದು ತಡೆ ಎಂಬುದನ್ನು ನಾವು ಮರೆಯುತ್ತೇವೆ.

ನಮ್ಮ ಹುಡುಗನ ಮಾತಿನಿಂದಲೇ ಮುಗಿಸುತ್ತೇನೆ. ಆ ರಜೆಯ ಕೊನೆಯ ದಿನ ಬಸ್ಸಿಗೆ ಹೊರಟು ನಿಂತವನು ಪುಸ್ತಕವನ್ನು ನನ್ನ ಕೈಗಿಟ್ಟ. ಸಾರಾಂಶ ಕೇಳಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅವನೇ ಕೇಳಿದ: “ಮಾವ, ಇದರದ್ದು ಎರಡನೇ ಭಾಗ ಉಂಟಾ?”

ಇತ್ತು. ಆದರೆ ಮನೆಯಲ್ಲಿರಲಿಲ್ಲ. ಅದನ್ನು ತರಿಸಲು ನನಗೆ ಮಂಗಳೂರಿಗೆ ಹೋಗಬೇಕಾಯಿತು. ನಿಮ್ಮ ಊರಿನ ಮಗು ಹೀಗೆ ಕೇಳುವ ದಿನ ಎರಡನೇ ಭಾಗ ಹತ್ತಿರದ ಪೆಟ್ಟಿಗೆಯಲ್ಲಿರಲಿ. ಮನೆಯಲ್ಲಿ ಮಕ್ಕಳು ಓದಬಹುದಾದ ಪುಸ್ತಕವಿದ್ದವರು, ಭಾನುವಾರ ಒಂದು ಗಂಟೆ ಕೊಡಬಲ್ಲವರು ತಮ್ಮ ಊರಿನ ಶಾಖೆಯ ಕಾರ್ಯದರ್ಶಿಗಳಿಗೆ ತಿಳಿಸಬೇಕೆಂದು ವಿನಂತಿ.